ಶೇಠ ಬಿದ್ದ ರೀತಿ

ನಾನು ಅಪಘಾತ ಮಾಡುವವನು. ಗಾಬರಿಯಾಗಬೇಡಿ, ನನಗೆ ಸೈಕಲ್ಲೂ ಸರಿಯಾಗಿ ಬರುವುದಿಲ್ಲ. ಜೋಗೇಶ್ವರಿಯ ಇಂಡಸ್ಟ್ರಿಯಲ್ ಎಸ್ಟೇಟೊಂದರಲ್ಲಿ ಕೆಳಗೆ ಪ್ಲಾಸ್ಟಿಕ್ ಬಕೆಟ್ಟಿನ ಕಾರ್ಖಾನೆ, ಮೇಲೆ ನಮ್ಮ ಗ್ರಾಫಿಕ್ಸ್ ಆಫೀಸು. ಹಿಂದಿ ಸೀರಿಯಲ್ಲುಗಳಿಗೆ ಬೇಕಾದ ಲಾರಿ, ಕಾರುಗಳನ್ನು ಕಂಪ್ಯೂಟರಿನಲ್ಲೇ ಕಟ್ಟಿ, ಒಂದಕ್ಕೊಂದು ಡಿಕ್ಕಿ ಹೊಡೆಸುವುದು ನನ್ನ ಹೊಟ್ಟೆಪಾಡು.

ಇದನ್ನು ಒಂದು ಕೆಲಸವೆಂದು ನನ್ನ ಅವ್ವ ಭಾಗವ್ವ ಒಪ್ಪಿರಲಿಲ್ಲ. ಕಾಂದಿವಲಿಯ ಬಿಲ್ಡಿಂಗುಗಳಿಗೆ ಇಪ್ಪತ್ತು ವರ್ಷ ಇಟ್ಟಂಗಿ ಹೊತ್ತವಳು ಅವಳು. "ಕುಂತಲ್ಲೇ ಕುಂತು ಅದೇನ್ ಮಾಡ್ತಿಯೋ ಗುರುಪಾದ?" ಎನ್ನುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದಂತೆ. ನಮ್ಮ ಮನೆಯಲ್ಲಿ ಹೆಗ್ಗಣಕ್ಕೆ ಆ ಭಾಗ್ಯವೂ ಇರಲಿಲ್ಲ. ಒಮ್ಮೆಯಾದರೂ ಅವಳ ಬಾಯಿಂದ ಶಹಬ್ಬಾಸ್ ಅನ್ನಿಸಿಕೊಳ್ಳಬೇಕೆಂದು ಮೂವತ್ತೆಂಟರ ವಯಸ್ಸಿನಲ್ಲೂ ನನಗೆ ಆಸೆ.

ಅವಕಾಶ ಬಂತು. ಅವಳು ದಿನಾ ನೋಡುವ ಸೀರಿಯಲ್ಲಿನ ಕೋಟ್ಯಧೀಶ ಶೇಠನಿಗೆ ಲಾರಿ ಗುದ್ದಬೇಕು. ಆ ನಟನಿಗೆ ಮಂಡಿನೋವು, ಬೀಳಲಾರ. ಸರಿ, ಆಫೀಸಿನಲ್ಲಿ ಗಾದಿ ಹಾಸಿ ನಾನೇ ಹದಿನೇಳು ಸಲ ಬಿದ್ದೆ. ಜೊತೆಗೆ ಕೆಲಸ ಮಾಡುವ ಕಿಶೋರ ಮೊಬೈಲಿನಲ್ಲಿ ಹಿಡಿದ. ಆಮೇಲೆ ನನ್ನ ಮೈಗೆ ಕಂಪ್ಯೂಟರಿನಲ್ಲಿ ಶೇಠನ ಮುಖ, ಶೇಠನ ಸೂಟು ತೊಡಿಸಿದೆ. ಲಾರಿ ಸುಳ್ಳು, ರಸ್ತೆ ಸುಳ್ಳು, ಬಿದ್ದದ್ದೊಂದೇ ನಿಜ. ಡೈರೆಕ್ಟರು ಹನ್ನೊಂದು ಸಲ ತಿದ್ದಿಸಿದರು. ಬಿದ್ದವನು ಶೇಠನಲ್ಲವೆಂದು ಗೊತ್ತಿದ್ದ ಅವರಿಗೂ ಕೊನೆಗೆ ವ್ಯತ್ಯಾಸ ಕಾಣಲಿಲ್ಲ. ನಾನು ಬೀಗಿದೆ.

ಗುರುವಾರ ಸಂಜೆ ಅವ್ವನ ಪಕ್ಕದಲ್ಲಿ ಟೀವಿ ಮುಂದೆ ಕೂತೆ. ಲಾರಿ ಬಂತು, ಗುದ್ದಿತು, ಶೇಠ ಹಾರಿ ಬಿದ್ದ. ಸೀರಿಯಲ್ಲುಗಳ ಪದ್ಧತಿಯಂತೆ ಮೂರು ದಿಕ್ಕಿನಿಂದ ಮೂರು ಸಲ ಬಿದ್ದ.

"ಹ್ಯಾಂಗದ ಅವ್ವ? ಲಾರಿ ನಾ ಮಾಡೀನಿ," ಎಂದೆ.

ಅವ್ವ ಲಾರಿಯ ಮಾತೇ ಎತ್ತಲಿಲ್ಲ. "ಬಿದ್ದಾಂವ ನೀ ಅಲ್ಲೇನು?" ಅಂದಳು.

"ಅಂವ ಶೇಠ, ಅವ್ವ. ಮುಖ ನೋಡು."

"ಮುಖ ಏನ್ ನೋಡ್ಲಿ? ಅಣ್ಣನ ಸಡಿಲ ಚಡ್ಡಿ ಹಾಕ್ಕೊಂಡು ಬೆಳದಾಂವ ನೀ. ಬೀಳುಮುಂದ ಎಡಗೈಲೆ ಚಡ್ಡಿ ಹಿಡಕೊಂಡು ಬೀಳಾಂವ ಜಗತ್ತಿನಾಗ ನೀ ಒಬ್ಬನೇ."

ನಿಜ. ಪ್ರಾಣ ಹೋಗುವಾಗಲೂ ಕೋಟ್ಯಧೀಶ ಪ್ಯಾಂಟಿನ ಸೊಂಟ ಬಿಟ್ಟಿರಲಿಲ್ಲ. ಹನ್ನೊಂದು ಸಲ ತಿದ್ದಿದ ಈ ಮಹಾ ಕಲಾವಿದನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಅವ್ವ ಒಳಗಿನಿಂದ ಉಪ್ಪು, ಒಣಮೆಣಸಿನಕಾಯಿ ತಂದು ನನಗೆ ನಿವಾಳಿಸಿದಳು. ಮೂರು ಸಲ ಬಿದ್ದಿದ್ದೆನಲ್ಲ, ಮೂರು ಸಲ ಬೇರೆ ಬೇರೆ ಉಪ್ಪು. ಆಮೇಲೆ ನನ್ನ ಮೊಣಕೈ, ಮಂಡಿ ಸವರಿ ನೋಡಿದಳು. ಶಹಬ್ಬಾಸಿಗೆ ಕಾದು ಕೂತಿದ್ದ ನನಗೆ ನನ್ನ ಮೇಲೇ ನಾಚಿಕೆಯಾಯಿತು.

"ಇನ್ನ ನಾ ಬೀಳಂಗಿಲ್ಲ ಅವ್ವ. ಕಿಶೋರನ್ನ ಬೀಳಸ್ತೀನಿ."

"ಯಾಕ, ಅವಗ ಅವ್ವ ಇಲ್ಲೇನು?"

ಮುಂದಿನ ವಾರ ಅದೇ ಸೀರಿಯಲ್ಲಿಗೆ ಒಂದು ಬಸ್ಸು ಕಣಿವೆಗೆ ಉರುಳಬೇಕಿತ್ತು. ಚೆನ್ನಾಗಿಯೇ ಉರುಳಿಸಿದೆ, ಗಾಜೆಲ್ಲ ಪುಡಿಪುಡಿ. ಡೈರೆಕ್ಟರು ಎರಡು ಸಲ ನೋಡಿ, "ಪ್ಯಾಸೆಂಜರ್ ಕಿಧರ್ ಹೈ?" ಎಂದರು.

ಹಿಂದಿನ ಸ್ಟಾಪಿನಲ್ಲಿ ಎಲ್ಲರೂ ಇಳಿದುಬಿಟ್ಟರು ಸರ್, ಎಂದೆ.