ಸುಣ್ಣ ಬೀಳದ ಎರಡು ಕಂಬ

ಕೊನೆಯ ಕಂಬಕ್ಕೂ ಎರಡನೆಯ ಸಲ ಸುಣ್ಣ ಎಳೆದು ಎರ್ಮಿಲಾ ಸೊಂಟ ನೆಟ್ಟಗೆ ಮಾಡಿಕೊಂಡು ನಿಂತಳು. ಆಹಾ, ಈಗ ನೋಡಬೇಕು ಮನೆಗಳ ಲಕ್ಷಣ! ನಡುವಿನ ಕಾಲುದಾರಿಯ ಆಚೆ ಐದು, ಈಚೆ ಐದು ಪುಟ್ಟ ಮನೆಗಳು, ಒಂದರ ಬಾಗಿಲು ಇನ್ನೊಂದಕ್ಕೆ ಎದುರು. ಪ್ರತಿ ಮನೆಯ ಜಗಲಿಗೂ ಹೊಳೆಯ ಗುಂಡುಕಲ್ಲಿನಲ್ಲಿ ಕಟ್ಟಿದ ಎರಡೆರಡು ಮೋಟು ಕಂಬ. ನೂರು ವರ್ಷದ ಹೊಗೆ, ಧೂಳು, ಬೆಕ್ಕುಗಳು ಬೆನ್ನು ಉಜ್ಜಿದ ಜಿಡ್ಡು ಎಲ್ಲ ಮುಚ್ಚಿಹೋಗಿ ಅವು ಬೆಳ್ಳಗೆ ಹೊಳೆಯುತ್ತಿದ್ದವು. ಎದುರು ಮನೆಯ ಗಾರ್ಬಿಸ್‌ನ ಎರಡು ಕಂಬಗಳಿಗೆ ಮಾತ್ರ ಸುಣ್ಣ ಬಿದ್ದಿರಲಿಲ್ಲ. ಅವನ್ನು ಅವಳು ಬೇಕೆಂದೇ ಬಿಟ್ಟಿದ್ದಳು.

ಅಮೆರಿಕದ ಪಸಡೀನಾದ ಸಿಕಮೋರ್ ಕೋರ್ಟ್ ಎಂಬ ಈ ವಠಾರವನ್ನು ನೋಡಲು ಅಂದು ಮಧ್ಯಾಹ್ನ ಮೂರಕ್ಕೆ ನಗರದ ಪಾರಂಪರಿಕ ಕಟ್ಟಡಗಳ ಸಮಿತಿಯವರು ಬರುವುದಿತ್ತು. ಒಡತಿ ತೀರಿಕೊಂಡ ಮೇಲೆ ಆಕೆಯ ತಮ್ಮನ ಮಗ ಹತ್ತೂ ಮನೆಗಳನ್ನು ಬಿಲ್ಡರ್ ಒಬ್ಬನಿಗೆ ಮಾರಲು ಹೊರಟಿದ್ದ. ಬಿಲ್ಡರ್ ಎಲ್ಲ ಕೆಡವಿ ನಾಲ್ಕು ಅಂತಸ್ತು ಏಳಿಸುವವನು. ಸಮಿತಿ ಒಪ್ಪಿ ಪಾರಂಪರಿಕ ಪಟ್ಟಿಗೆ ಸೇರಿಸಿಬಿಟ್ಟರೆ ಕೆಡವುವಂತಿಲ್ಲ, ಬಾಡಿಗೆಯವರು ಇದ್ದಲ್ಲೇ ಇರಬಹುದು. ಇಲ್ಲವೋ, ಎಲ್ಲರೂ ಗಂಟುಮೂಟೆ ಕಟ್ಟಬೇಕು. ಎರ್ಮಿಲಾ ಮೆಕ್ಸಿಕೋದಿಂದ ಹೊಸ ಮದುವಣಗಿತ್ತಿಯಾಗಿ ನೇರ ಇಲ್ಲಿಗೇ ಬಂದವಳು. ಮೂವರು ಮಕ್ಕಳನ್ನು ಈ ಮನೆಯಲ್ಲಿ ಸಾಕಿ, ಗಂಡ ಚೂಯ್‌ನನ್ನು ಇದೇ ಜಗಲಿಯಿಂದ ಮಣ್ಣಿಗೆ ಕಳಿಸಿಕೊಟ್ಟವಳು. ಇದನ್ನು ಬಿಟ್ಟು ಇನ್ನೊಂದು ಮನೆಯಲ್ಲಿ ಬೆಳಗಾಗುವುದನ್ನು ಅವಳಿಂದ ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ.

ಅಂಥ ದೊಡ್ಡ ಮನುಷ್ಯರು ಬರುವಾಗ ಕಂಬಗಳು ಹಾಗೆ ಮಸಿ ಹಿಡಿದಿರುವುದೇ? ಹಲಿಸ್ಕೋ ಸೀಮೆಯ ಅವಳ ಹಳ್ಳಿಗೆ ಬಿಷಪ್ಪರು ಬರುತ್ತಾರೆಂದರೆ ಗೋಡೆ, ಕಟ್ಟೆ, ಕೊನೆಗೆ ಬೀದಿಯ ಮರಗಳ ಬುಡಕ್ಕೂ ಸುಣ್ಣ ಬೀಳುತ್ತಿತ್ತು. ಸುಣ್ಣ ಕಾಣದ ಮನೆಯವರು ಸೋಮಾರಿಗಳೆಂದೇ ಲೆಕ್ಕ. ಹಾಗಾಗಿ ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋದದ್ದೇ ತಡ, ಯಾರಿಗೂ ಹೇಳದೆ ಬಕೆಟ್ಟಿನಲ್ಲಿ ಸುಣ್ಣ ಕಲಸಿದ್ದಳು. ಸಮಿತಿಯವರಿಗಾಗಿ ಅರ್ಧ ದಿನದ ರಜೆ ಹಾಕಿ ಬರುವ ಅಕ್ಕಪಕ್ಕದವರೆಲ್ಲ ಬಾಯಿ ಬಿಟ್ಟುಕೊಂಡು ನಿಲ್ಲಬೇಕು ಎಂಬುದು ಅವಳ ಆಸೆ.

ಗಾರ್ಬಿಸ್‌ನ ವಿಷಯ ಬೇರೆ. ಎರಡು ವರ್ಷದ ಹಿಂದೆ ಅವಳು ಊರಿಗೆ ಹೋಗಿದ್ದಾಗ, ಕಾಲುದಾರಿ ದಾಟಿ ತನ್ನ ಛಾವಣಿಗೆ ಹಬ್ಬಿತೆಂದು ಅವಳ ಕಾಗದದ ಹೂವಿನ ಬಳ್ಳಿಯನ್ನು ಬುಡದವರೆಗೆ ಸವರಿಬಿಟ್ಟಿದ್ದ ಮನುಷ್ಯ ಅವನು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹೇಳುವುದಿದ್ದರೆ ಗಿಡಕ್ಕೋ ಬೆಕ್ಕಿಗೋ ಹೇಳುತ್ತಿದ್ದರು.

ಮೊದಲು ಬಂದವನು ಅವನೇ. ಸಮಿತಿಯವರಿಗಾಗಿ ಕ್ಷೌರ ಮಾಡಿಸಿಕೊಂಡು, ಮೈತುಂಬ ಕೊಲೋನ್ ಸೆಂಟಿನ ವಾಸನೆ ಹೊತ್ತು ಬಂದ. ಕಾಲುದಾರಿಯ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿದ. ಆಮೇಲೆ ತನ್ನ ನಿಂಬೆ ಗಿಡದ ಕಡೆ ತಿರುಗಿದ.

"ನೋಡಿದ್ಯಾ? ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ. ಇಲ್ಲಿ ನಮಗೆ ಸುಣ್ಣಕ್ಕೂ ಗತಿ ಇಲ್ಲ."

ಎರ್ಮಿಲಾ ಕೈಯಲ್ಲಿದ್ದ ಕುಂಚಕ್ಕೆ ಹೇಳಿದಳು, "ಬಳ್ಳಿ ಕಡಿಯೋರ ಮನೆಗೆ ಸುಣ್ಣ ಬೇರೆ ಕೇಡು."

ಅಷ್ಟರಲ್ಲಿ ಡೆಲ್ಫೀನ್ ಬಂದಳು. ಶಾಲೆಯಲ್ಲಿ ಸಂಗೀತ ಹೇಳಿಕೊಡುವ ಹುಡುಗಿ, ಮೂರನೇ ಮನೆಯವಳು. ಸಮಿತಿಗೆ ಅರ್ಜಿ ಬರೆದವಳು, ಒಂದು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದವಳು ಅವಳೇ. ಹಾಡು ಗುನುಗುತ್ತ ಬಂದವಳು ಗೇಟಿನ ಹತ್ತಿರವೇ ನಿಂತುಬಿಟ್ಟಳು.

"ದೋನ್ಯಾ ಎರ್ಮಿಲಾ, ಏನಿದು?" ಎಂದಳು, ಎರ್ಮಿಲಾಳ ಕಡೆಯವರು ಹಿರಿಯ ಹೆಂಗಸರನ್ನು ಕರೆಯುವ ಹಾಗೆ.

"ಚೆನ್ನಾಗಿದೆ ಅಲ್ವಾ ಮಗಳೇ?"

"ಏನೂ ಬಣ್ಣ ಹಚ್ಚಬೇಡಿ ಅಂತ ಬಡ್ಕೊಂಡಿದ್ನಲ್ಲ."

"ಬಣ್ಣ ಬೇಡ ಅಂದೆ. ಇದು ಬಣ್ಣನಾ? ಸುಣ್ಣ."

ಡೆಲ್ಫೀನ್ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಅವಳು ರೇಗಿದ್ದರೂ ವಾಸಿಯಿತ್ತು. ಸಣ್ಣ ದನಿಯಲ್ಲಿ ಹೇಳಿದಳು, "ಅವ್ರು ನೋಡಕ್ಕೆ ಬರ್ತಿರೋದೇ ಆ ಕಲ್ಲನ್ನ. ಕಟ್ಟಿದಾಗ ಹೇಗಿತ್ತೋ ಹಾಗೇ ಇದೆ, ಒಬ್ರೂ ಕೈ ಹಚ್ಚಿಲ್ಲ ಅಂತ ಬರ್ಕೊಟ್ಟಿದೀನಿ. ಮೂರು ಗಂಟೆಗೆ ಅವ್ರು ಬಂದು ಕೇಳಿದ್ರೆ ಏನ್ ಹೇಳ್ಲಿ ನಾನು?"

ಎರ್ಮಿಲಾ ಕುಂಚ ಕೆಳಗಿಟ್ಟಳು. ಬಿಲ್ಡರ್ ಅಲ್ಲ, ಒಡತಿಯ ಸೋದರಳಿಯ ಅಲ್ಲ, ತಾನೇ ತನ್ನ ಕೈಯಾರೆ ಹತ್ತು ಮನೆಯವರನ್ನು ಬೀದಿಗೆ ಹಾಕಿದೆನೇ? ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಸುಣ್ಣದ ಕೈಯಲ್ಲಿ ಕಣ್ಣೊರೆಸಿಕೊಳ್ಳಲೂ ಆಗದೆ ನೀರು ಗಲ್ಲದವರೆಗೆ ಇಳಿಯಿತು. ಚೂಯ್ ಸತ್ತ ದಿನವೂ ಬಂದವರಿಗೆಲ್ಲ ಕಾಫಿ ಕೊಡುತ್ತ ಓಡಾಡಿದ್ದ ಹೆಂಗಸು ಹೀಗೆ ಅಳುವುದನ್ನು ಗಾರ್ಬಿಸ್ ಎಂದೂ ಕಂಡಿರಲಿಲ್ಲ. ಅವನು ದಡಬಡ ಒಳಗೆ ಹೋದ. ಒಳಗಿನಿಂದ ಗಾಜಿನ ಜಾಡಿಗಳ ಸದ್ದು ಕೇಳಿಸಿತು.

"ಎರ್ಮಿಲಾ, ಅಳೋದು ಆಮೇಲೆ ಇಟ್ಕೋ," ಎಂದ ಹೊರಗೆ ಬಂದು. "ಸುಣ್ಣ ಇನ್ನೂ ಹಸಿ ಇದೆಯಾ?"

ರೂಢಿಯಂತೆ ಅವಳು ಡೆಲ್ಫೀನ್ ಕಡೆ ತಿರುಗಿದಳು. "ಹಸಿ ಇದೆ ಅಂತ ಹೇಳು ಅವನಿಗೆ."

"ಅವಳ್ಯಾಕೆ ಹೇಳ್ಬೇಕು? ನಾನೇನು ಇನ್ನೂ ನಮ್ಮೂರು ಬೈರೂತ್‌ನಲ್ಲೇ ಇದೀನಾ? ನಿನ್ನ ಮೂಗಿನ ಮುಂದೆ ನಿಂತಿದೀನಿ."

"ಹಸಿ ಇದೆ," ಅಂದಳು ಎರ್ಮಿಲಾ.

ಗಾರ್ಬಿಸ್‌ನ ಕೈಯಲ್ಲಿದ್ದದ್ದು ವಿನೆಗರ್. ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಅವನು ಕೋಸು, ಕ್ಯಾರೆಟ್ಟು, ಹೂಕೋಸು ಎಲ್ಲ ವಿನೆಗರಿನಲ್ಲಿ ಹಾಕಿ ಅರ್ಮೇನಿಯನ್ ಉಪ್ಪಿನಕಾಯಿ ಮಾಡಿ ಕೋರ್ಟಿನ ಎಲ್ಲರಿಗೂ ಹಂಚುವವನು. ಎದುರು ಮನೆಗೂ ಒಂದು ಜಾಡಿ ಯಾರ ಕೈಯಲ್ಲಾದರೂ ಹೋಗುತ್ತಿತ್ತು. "ಚಹಾ ಕಾಯ್ಸೋ ಕೆಟಲ್ ಒಳಗೆ ಸುಣ್ಣ ಕಟ್ಟಿದ್ರೆ ಇದನ್ನೇ ಅಲ್ವಾ ಹಾಕೋದು? ಕೆಟಲ್ಲಿಗೆ ಹೋದದ್ದು ಕಲ್ಲಿಗೆ ಹೋಗಲ್ವಾ? ನೀರು ಬೆರೆಸಿ ಉಜ್ಜೋಣ. ಆಮೇಲೆ ಚೆನ್ನಾಗಿ ತೊಳ್ದುಬಿಡೋಣ."

ಸುಣ್ಣ ನಿಜಕ್ಕೂ ಹೋಗುತ್ತಿತ್ತು. ನೊರೆಯೆದ್ದು, ಕುಂಚ ಆಡಿಸಿದ ಹಾಗೆಲ್ಲ ಕೆಳಗಿನಿಂದ ಬೂದು ಕಲ್ಲು, ಕಂದು ಕಲ್ಲು ಇಣುಕಿದವು. ಒಬ್ಬೊಬ್ಬರಾಗಿ ಉಳಿದವರೂ ಬಂದರು. ಬಂದವರಿಗೆ ಡೆಲ್ಫೀನ್ ಒಂದೊಂದು ಬ್ರಷ್ ಹಿಡಿಸಿದಳು, ಬ್ರಷ್ ಸಾಲದಾದಾಗ ಗಾರ್ಬಿಸ್ ತನ್ನ ಹಳೆಯ ಶೂ ಪಾಲಿಶ್ ಬ್ರಷ್‌ಗಳನ್ನು ತಂದ. ಕೊನೆಯ ಮನೆಯ ನರ್ಸು ಆಸ್ಪತ್ರೆಯ ಉಡುಪಿನಲ್ಲೇ ಮಂಡಿಯೂರಿದಳು. ಕೋರ್ಟಿಗೆ ಕೋರ್ಟೇ ಉಪ್ಪಿನಕಾಯಿ ಜಾಡಿಯ ಹಾಗೆ ನಾತ ಹೊಡೆಯಿತು.

"ಈ ವರ್ಷ ಉಪ್ಪಿನಕಾಯಿ ಇಲ್ಲ, ಕಂಬ ನೆಕ್ಕಿ," ಎಂದ ಗಾರ್ಬಿಸ್.

"ನಿನ್ನ ಉಪ್ಪಿನಕಾಯಿಗಿಂತ ಕಂಬವೇ ರುಚಿ ಇರುತ್ತೆ," ಎಂದಳು ಎರ್ಮಿಲಾ, ನೇರ ಅವನ ಮುಖಕ್ಕೇ. ಸುತ್ತ ಇದ್ದವರು ಉಜ್ಜುವುದು ನಿಲ್ಲಿಸಿ ನಕ್ಕರು. ಎರಡು ವರ್ಷದಿಂದ ಮಧ್ಯಸ್ಥಿಕೆ ಮಾಡಿ ಸುಸ್ತಾಗಿದ್ದವರಲ್ಲವೇ ಅವರೆಲ್ಲ.

ಸಮಿತಿಯವರು ಹೇಳಿದ್ದಕ್ಕಿಂತ ಮೊದಲೇ ಬಂದರು. ಮುಂದೆ ನಡೆದು ಬಂದವರು ಅಧ್ಯಕ್ಷೆ ನಿಶಿಮೂರಾ, ಬೆಳ್ಳಿ ಕೂದಲಿನ ಗಂಭೀರ ಹೆಂಗಸು. ಅವರ ಕಣ್ಣಿಗೆ ಬಿದ್ದದ್ದು ಒದ್ದೆ ಬಟ್ಟೆಯ ಜನ, ಹರಿಯುವ ಬಿಳಿ ನೀರು, ಮತ್ತು ಇನ್ನೂ ಸುಣ್ಣ ಹೊತ್ತು ನಿಂತಿದ್ದ ಎರ್ಮಿಲಾಳ ಎರಡು ಕಂಬ. ಮೊದಲು ಬೇರೆಯವರದು ಆಗಲಿ ಎಂದು ತನ್ನದನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು.

"ಇದೇನು?" ಎಂದರು ನಿಶಿಮೂರಾ.

ಡೆಲ್ಫೀನ್ ಏನೋ ಹೇಳಲು ಬಾಯಿ ತೆರೆದಳು. ಎರ್ಮಿಲಾ ಅವಳ ಕೈ ಹಿಡಿದು ಹಿಂದೆ ಸರಿಸಿದಳು. "ಅವಳದೇನೂ ತಪ್ಪಿಲ್ಲ ತಾಯಿ. ನೀವು ಬರ್ತೀರಿ ಅಂತ ಬೆಳಿಗ್ಗೆ ನಾನೇ ಸುಣ್ಣ ಬಳಿದೆ. ನಮ್ಮ ಕಡೆ ಮರ್ಯಾದಸ್ಥರು ಬಂದ್ರೆ ಹಾಗೇ. ಬಾಕಿ ಎಲ್ಲ ತೊಳೆದಿದೀವಿ. ಈ ಎರಡನ್ನ ನೀವು ನಿಂತ್ಕೊಂಡ್ರೆ ನಿಮ್ಮ ಕಣ್ಣೆದುರಿಗೇ ತೊಳೀತೀನಿ. ಕಲ್ಲಿಗೇನೂ ಆಗಿಲ್ಲ. ನಮ್ಮನ್ನ ಮಾತ್ರ ಇಲ್ಲಿಂದ ಎಬ್ಬಿಸ್ಬೇಡಿ."

ನಿಶಿಮೂರಾ ಸುತ್ತ ನೋಡಿ, ಒಣಗಿ ಮಸಿ ಹಿಡಿದೇ ಇದ್ದ ಗಾರ್ಬಿಸ್‌ನ ಕಂಬಗಳ ಕಡೆ ಬೆರಳು ತೋರಿಸಿದರು. "ಆ ಮನೆಯದಕ್ಕೆ ಬಿದ್ದೇ ಇಲ್ಲವಲ್ಲ ಸುಣ್ಣ?"

ಎರ್ಮಿಲಾ ನೆಲ ನೋಡಿದಳು. "ಅವನ ಜೊತೆ ಮಾತು ಬಿಟ್ಟಿದ್ದೆ."

"ಈಗ?"

"ಈಗ ಆಡ್ತಿದೀನಿ. ಬೇರೆ ದಾರಿ ಇರ್ಲಿಲ್ಲ, ವಿನೆಗರ್ ಅವನ ಹತ್ರ ಇತ್ತು."

ನಿಶಿಮೂರಾ ನಗಲಿಲ್ಲ, ಆದರೆ ತುಟಿ ಬಿಗಿಹಿಡಿಯಲು ಕಷ್ಟಪಟ್ಟದ್ದು ಎಲ್ಲರಿಗೂ ಕಂಡಿತು. ಗಾರ್ಬಿಸ್‌ನ ಕಂಬಗಳ ಮುಂದೆ ಕೂತು ಕಲ್ಲಿನ ಸಂದುಗಳಲ್ಲಿ ಬೆರಳಾಡಿಸಿದರು. ಎದ್ದು ಬಂದು ತೊಳೆದ ಕಂಬಗಳನ್ನು ಹಾಗೆಯೇ ಮುಟ್ಟಿ ನೋಡಿದರು. ಜೊತೆಯವರು ಫೋಟೋ ತೆಗೆದುಕೊಂಡರು. ಎರ್ಮಿಲಾ ಹೇಳಿದ ಮಾತಿನಂತೆ ತನ್ನ ಕಂಬದ ಮುಂದೆ ಮಂಡಿಯೂರಿ ಉಜ್ಜತೊಡಗಿದಳು. ಕೊನೆಯ ಬಿಳಿ ಗೀರು ಇಳಿದುಹೋಗುವವರೆಗೂ ನಿಶಿಮೂರಾ ಬಿಸಿಲಲ್ಲಿ ನಿಂತೇ ಇದ್ದರು.

ಮುಂದಿನ ತಿಂಗಳು ತೀರ್ಮಾನದ ಸಭೆ. ಕೋರ್ಟಿನವರೆಲ್ಲ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿ ಹಿಂದಿನ ಸಾಲುಗಳಲ್ಲಿ ಕೂತರು. ಅಂದು ಸಮಿತಿಯವರು ತೆಗೆದ ಸುಣ್ಣದ ಫೋಟೋವನ್ನೇ ತೋರಿಸಿದ ಬಿಲ್ಡರ್‌ನ ವಕೀಲ, ಕಂಬಗಳು ಮೂಲದಂತೆ ಉಳಿದಿಲ್ಲವೆಂದು ವಾದಿಸಿದ. ನಿಶಿಮೂರಾ ಇನ್ನೊಂದು ಫೋಟೋ ತೆಗೆದರು: ಗಾರ್ಬಿಸ್‌ನ ಕಂಬ ಒಂದು ಕಡೆ, ತೊಳೆದ ಕಂಬ ಇನ್ನೊಂದು ಕಡೆ. ಧೂಳು ಬಿಟ್ಟರೆ ಕಲ್ಲಿನಲ್ಲಿ ವ್ಯತ್ಯಾಸ ಹುಡುಕಿ ತೋರಿಸಿ ಎಂದರು. ವಕೀಲ ಕನ್ನಡಕ ಹಾಕಿದ, ತೆಗೆದ, ಕೂತ. ಒಬ್ಬರಾದ ಮೇಲೆ ಒಬ್ಬರು ಕೈ ಎತ್ತಿದರು. ಸಿಕಮೋರ್ ಕೋರ್ಟು ಪಟ್ಟಿಗೆ ಸೇರಿತು.

ಎರ್ಮಿಲಾಳಿಗೆ ತಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ತಿಳಿಯಲಿಲ್ಲ. ಡೆಲ್ಫೀನ್ ಅವಳನ್ನು ತಬ್ಬಿಕೊಂಡು ಎತ್ತಿಯೇಬಿಟ್ಟಳು. ಗಾರ್ಬಿಸ್ ಕಿವಿಯ ಹತ್ತಿರ ಬಾಗಿ, "ನೋಡು, ಇನ್ಮೇಲೂ ನನ್ನ ಮೇಲೆ ಸಿಟ್ಟಿದ್ರೆ ಇಟ್ಕೋ. ಊರಿಗೆ ಒಳ್ಳೇದಾಗುತ್ತೆ," ಎಂದ.

ಮುಂದಿನ ಶನಿವಾರ ಅವಳು ನರ್ಸರಿಯಿಂದ ಒಂದು ಬೆಣ್ಣೆಹಣ್ಣಿನ ಸಸಿ ತಂದಳು. ಇಷ್ಟು ಕಾಲವೂ, ಬಾಡಿಗೆ ಮನೆಯವರಿಗೆ ಯಾವತ್ತು ಬೇಕಾದರೂ ಎದ್ದು ಹೋಗಿ ಅನ್ನಬಹುದೆಂದು, ಅವಳು ಗಿಡವನ್ನೆಲ್ಲ ಡಬ್ಬಿಗಳಲ್ಲೇ ಬೆಳೆಸಿದವಳು. ಆ ಕಾಗದದ ಹೂವಿನ ಬಳ್ಳಿಯ ಬೇರೂ ಡಬ್ಬಿಯಲ್ಲೇ ಇತ್ತು. ಇವತ್ತು ಜಗಲಿಯ ಪಕ್ಕದ ಗಟ್ಟಿ ನೆಲಕ್ಕೆ ಸಲಿಕೆ ಹಾಕಿದಳು.

"ದೋನ್ಯಾ, ಈಗ ಪಟ್ಟಿಗೆ ಸೇರಿದೀವಿ. ಮರ ನೆಡೋದಕ್ಕೂ ಕೇಳ್ಬೇಕಾಗಬಹುದು," ಎಂದಳು ಡೆಲ್ಫೀನ್.

"ಕೇಳಿ ಬಾ ಮಗಳೇ. ಅಷ್ಟರಲ್ಲಿ ಗುಂಡಿ ತೋಡಿರ್ತೀನಿ."

ಗಾರ್ಬಿಸ್ ದಾರಿ ದಾಟಿ ಬಂದು ಸಸಿಯ ಎಲೆ ಮುಟ್ಟಿ ನೋಡಿದ. "ಇದು ಕಾಯಿ ಬಿಡಕ್ಕೆ ಏಳೆಂಟು ವರ್ಷ ಬೇಕು, ಗೊತ್ತಾ?"

"ಬಿಡ್ಲಿ ಬಿಡು," ಎಂದಳು ಎರ್ಮಿಲಾ. "ನಾವೆಲ್ಲಿಗೆ ಹೋಗ್ತೀವಿ?"

ಅವನು ಅಂಗಿಯ ತೋಳು ಮಡಿಸಿ ಅವಳ ಕೈಯಿಂದ ಸಲಿಕೆ ತೆಗೆದುಕೊಂಡ. ಅವಳು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಇನ್ನೂ ಆಳ, ಇನ್ನೂ ಆಳ ಎಂದು ಹೇಳುತ್ತಲೇ ಇದ್ದಳು.