ಬಾಯಿಯ ಎಡಮೂಲೆ

"ಅತ್ತೇ, ನನ್ನ ಫೋಟೊ ಟೀಚರ್ ಫೋನಲ್ಲೂ ಇದೆ!"

ಶಾಲೆಯ ಗೇಟಿನಿಂದ ಓಡಿಬಂದ ಪುಟ್ಟಿ ಚೀಲವನ್ನು ಅಕ್ಕನ ಕೈಗೆ ತುರುಕಿ, ಇಷ್ಟು ಹೇಳಿ ಏದುಸಿರು ಬಿಟ್ಟಳು. ಮನೆಯಲ್ಲಿ, ಸ್ಟುಡಿಯೋದಲ್ಲಿ, ಬೀದಿಯಲ್ಲಿ ಎಲ್ಲರಿಗೂ ಅವಳು ಅಕ್ಕನೇ. ಅತ್ತೆ ಎಂದು ಕರೆಯುವವಳು ತಮ್ಮನ ಮಗಳಾದ ಈ ಪುಟ್ಟಿಯೊಬ್ಬಳೇ.

"ಯಾವ ಫೋಟೊ?" ಎಂದಳು ಅಕ್ಕ. ಕೇಳುವಾಗಲೇ ಅವಳಿಗೆ ಗೊತ್ತಿತ್ತು.

"ಅದೇ, ಅಳ್ತಾ ಅಳ್ತಾ ನಗೋದು! ಕುದುರೆ ಮೇಲೆ ಕೂತಿರೋದು. ಎಲ್ರ ಮನೇಲೂ ಇದೆಯಂತೆ. ನಾನು ಯಾವಾಗ ಅತ್ತೆ ಕುದುರೆ ಮೇಲೆ ಕೂತಿದ್ದೆ? ನಂಗೆ ಮರ್ತೇ ಹೋಗಿದೆ."

ಪುಟ್ಟಿ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ತಳ್ಳಿಕೊಂಡಳು. ಕಪ್ಪು ಕೂದಲ ನಡುವೆ ಒಂದು ಹಿಡಿ ಬೆಳ್ಳಗೆ, ಸುಣ್ಣದ ಬ್ರಷ್ಷಿನಿಂದ ಎಳೆದ ಹಾಗೆ. ಹುಟ್ಟಿನಿಂದ ಬಂದದ್ದು. ಅವಳಪ್ಪನಿಗೂ ಹಾಗೇ, ಅದೇ ಜಾಗದಲ್ಲಿ.

ಅಕ್ಕ ಬಾಯಿ ತೆರೆದಳು. ಅದು ನೀನಲ್ಲ ಕಣೇ, ನಿಮ್ಮಪ್ಪ ಅನ್ನಬೇಕಿತ್ತು. ಹಾಗಂದರೆ ಮುಂದಿನ ಪ್ರಶ್ನೆ ಬರುತ್ತದೆ, ಅಪ್ಪ ಯಾಕೆ ಅಳ್ತಿದ್ದ ಅಂತ. ದಾರಿಯಲ್ಲಿ ನಿಂತು ಹೇಳುವ ವಿಷಯವಲ್ಲ ಅದು. "ಬಾ, ಸಿಗ್ನಲ್ ಬಿತ್ತು," ಎಂದು ಅವಳ ಕೈ ಹಿಡಿದು ರಸ್ತೆ ದಾಟಿಸಿದಳು.

ಹಳೆಯ ಫೋಟೊಗಳನ್ನು ಸರಿಮಾಡುವುದು ಅಕ್ಕನ ಕೆಲಸ. ನೀರು ಕುಡಿದು ಉಬ್ಬಿದ್ದು, ಗೆದ್ದಲು ತಿಂದದ್ದು, ಚೌಕಟ್ಟಿನ ಗಾಜಿಗೆ ಅಂಟಿ ಚರ್ಮದಂತೆ ಸುಲಿದು ಬಂದದ್ದು, ಎಲ್ಲವೂ ಅವಳ ಮೇಜಿಗೇ ಬರುತ್ತಿದ್ದವು. ಅವುಗಳನ್ನು ಕಂಪ್ಯೂಟರಿಗೆ ಹತ್ತಿಸಿ, ಕಲೆ ತೆಗೆದು, ಹೋದ ಕಣ್ಣು ಮೂಗು ಕೂಡಿಸುವಳು. ಇದರಲ್ಲಿ ಅವಳದೇ ಒಂದು ಕಟ್ಟುನಿಟ್ಟಿತ್ತು: ಗಿರಾಕಿಗಳ ಮನೆಯವರ ಮುಖವನ್ನು ಮಾದರಿಗೆಂದು ಯಾರಿಗೂ ತೋರಿಸಬಾರದು. ಅವರು ನಂಬಿ ಕೊಟ್ಟಿರುತ್ತಾರೆ, ನಮಗೇನು ಹಕ್ಕು? ಆದ್ದರಿಂದಲೇ ಸ್ಟುಡಿಯೋ ಮಾಲೀಕರು "ನೆಟ್ಟಲ್ಲಿರೋ ನಮ್ಮ ಪುಟಕ್ಕೆ ಒಂದು ಹಾಕೋಣಮ್ಮ, ಮೊದಲು ಹೇಗಿತ್ತು, ಆಮೇಲೆ ಹೇಗಾಯ್ತು ಅಂತ ಜನ ನೋಡ್ಲಿ," ಎಂದಾಗ ಅವಳು ತನ್ನ ಮನೆಯದನ್ನೇ ತಂದಳು. ತಮ್ಮನನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ. ತಮ್ಮ ಎಂದರೆ ಬೇರೆಯವನಲ್ಲವಲ್ಲ.

ಅಮ್ಮ ಆಸ್ಪತ್ರೆಯಲ್ಲಿದ್ದಾಗ ತೆಗೆಸಿದ ಫೋಟೊ ಅದು. ಮಕ್ಕಳನ್ನು ವಾರ್ಡಿನ ಒಳಗೆ ಬಿಡುತ್ತಿರಲಿಲ್ಲ. ಅಪ್ಪ ತಮ್ಮನನ್ನು ಸ್ಟುಡಿಯೋಗೆ ಕರೆದೊಯ್ದು ಮರದ ಕುದುರೆಯ ಮೇಲೆ ಕೂರಿಸಿದ. "ನಗೋ ಮಗಾ. ಅಮ್ಮ ಇದನ್ನ ನೋಡ್ತಾಳೆ. ನೀನು ಅತ್ತಿದ್ದು ಗೊತ್ತಾದ್ರೆ ಅವಳಿಗೆ ಜಾಸ್ತಿಯಾಗುತ್ತೆ," ಎಂದ. ಅಕ್ಕ ಕ್ಯಾಮೆರಾದ ಪಕ್ಕದಲ್ಲಿ ನಿಂತಿದ್ದಳು. ಅಳುವನ್ನು ನುಂಗಿಕೊಂಡು ತಮ್ಮ ಹಲ್ಲು ಬಿಟ್ಟ. ಕೊನೆಯವರೆಗೂ ಆ ಫೋಟೊ ಅಮ್ಮನ ದಿಂಬಿನ ಕೆಳಗಿತ್ತು. ಅಮ್ಮನ ಸಾಮಾನಿನ ಜೊತೆ ಮನೆಗೆ ಬಂದಾಗ ಯಾವುದೋ ಔಷಧಿ ಚೆಲ್ಲಿ ಹುಡುಗನ ಬಾಯಿಯ ಎಡಮೂಲೆ ಅಳಿಸಿಹೋಗಿತ್ತು.

ಬಲಮೂಲೆಯನ್ನೇ ತಿರುಗಿಸಿ ಅಂಟಿಸಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಎಲ್ಲರೂ ಮಾಡುವುದು ಹಾಗೆಯೇ. ಅಕ್ಕನ ಮನಸ್ಸು ಒಪ್ಪಲಿಲ್ಲ. ಅವತ್ತು ಅವನ ಬಾಯಿ ಹಾಗಿರಲಿಲ್ಲ; ಬಲಮೂಲೆ ಮೇಲೆ ಹೋದಾಗ ಎಡಮೂಲೆ ಕೆಳಕ್ಕೆ ಜಗ್ಗಿತ್ತು. ಅವಳು ಅದನ್ನು ಚುಕ್ಕೆ ಚುಕ್ಕೆಯಾಗಿ, ನೆನಪಿನಿಂದ ಕೂಡಿಸಿದಳು. ಜನ ಬಿದ್ದು ಬಿದ್ದು ನಕ್ಕದ್ದು ಆ ಎಡಮೂಲೆಗೇ.

ಯಾರು ಮೊದಲು ಎತ್ತಿಕೊಂಡರೋ ಗೊತ್ತಿಲ್ಲ. ಅದರ ಕೆಳಗೆ "ಪರವಾಗಿಲ್ಲ ಬಿಡಿ, ಚೆನ್ನಾಗಿದೀನಿ" ಎಂದು ಬರೆದರು. ರಜೆಯ ದಿನ ಆಫೀಸಿಗೆ ಕರೆದರೆ ಜನ ಫೋನಿನಲ್ಲಿ ಕಳಿಸುವುದು ಈ ಹುಡುಗನನ್ನು. ಗೆಲ್ಲುವ ಆಟ ಕೊನೆಯ ಘಳಿಗೆಯಲ್ಲಿ ಕೈತಪ್ಪಿದರೆ ಈ ಹುಡುಗ. ಹಳೇ ಪ್ರೇಯಸಿಯ ಮದುವೆಗೆ ಹೋದವನೂ ಇವನೇ. ಕುದುರೆಯನ್ನು ತೆಗೆದು ಕಮೋಡಿನ ಮೇಲೆ ಕೂರಿಸಿದರು, ಮುಳುಗುವ ದೋಣಿಯಲ್ಲಿ ಕೂರಿಸಿದರು. ಅಂಗಿಯ ಮೇಲೆ, ಕಪ್ಪಿನ ಮೇಲೆ ಬಂದ. ಎಲ್ಲಿ ಕೂರಿಸಿದರೂ ಬಾಯಿ ಅಕ್ಕ ಬರೆದದ್ದೇ. ಬಸ್ಸಿನಲ್ಲಿ ಪಕ್ಕದವಳು ಫೋನು ನೋಡಿ ಕಿಸಕ್ಕೆಂದರೆ ಅಕ್ಕ ಕಿಟಕಿಯಾಚೆ ನೋಡತೊಡಗಿದಳು.

ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ತೆಗೆಯುವವನು ತಮ್ಮ. ಬಿಳಿ ಜುಟ್ಟು ನೋಡಿದವರೆಲ್ಲ ಗುರುತು ಹಿಡಿದರು. "ಒಂದ್ಸಲ ಆ ಮುಖ ಮಾಡಿ ಸಾರ್," ಅನ್ನುವವರು ದಿನಾ ಸಿಗುತ್ತಿದ್ದರು.

ಅಕ್ಕ ಅವನ ಮುಂದೆ ಹೋಗಿ ನಿಂತಾಗ ಅವನು ನಕ್ಕುಬಿಟ್ಟ. "ಬಿಡಕ್ಕ, ಒಂಥರಾ ಅನುಕೂಲಾನೇ ಆಗಿದೆ. ಅವರು ನಗ್ತಾ ಇರೋವಾಗ ಸೂಜಿ ಚುಚ್ಚಿಬಿಡ್ತೀನಿ. ನೋವೇ ಗೊತ್ತಾಗಲ್ಲ."

"ನಿನ್ನ ಒಂದು ಮಾತು ಕೇಳಬೇಕಿತ್ತು ನಾನು."

"ಕೇಳಿದ್ರೆ ಬೇಡ ಅಂತಿದ್ನಾ? ನೀನೇನು ಬೇಕಂತ ಮಾಡಿದ್ಯಾ?"

ಬೈದಿದ್ದರೆ ಅವಳಿಗೆ ನಿದ್ದೆ ಬರುತ್ತಿತ್ತು. ಎರಡು ಮಾತು ಜಾಡಿಸಿದ್ದರೂ ಸಾಕಿತ್ತು.

ಪುಟ್ಟಿ ಅದು ತನ್ನದೇ ಫೋಟೊ ಎಂದು ಕುಣಿದ ದಿನದಿಂದ ಮಾತ್ರ ಅವನು ಆ ವಿಷಯದಲ್ಲಿ ನಗುವುದನ್ನು ಬಿಟ್ಟ.

ಅಕ್ಕ ಮೊದಲು ಸ್ಟುಡಿಯೋದ ಪುಟದಿಂದ ತೆಗೆಸಿದಳು. ಮಾಲೀಕರು ಗೊಣಗಿದರು. "ಊರೆಲ್ಲ ನಮ್ಮ ಸ್ಟುಡಿಯೋ ಹುಡುಕ್ಕೊಂಡು ಬರೋ ಹೊತ್ತಲ್ಲಿ ತೆಗಿ ಅಂತೀಯಲ್ಲಮ್ಮ! ನಾಳೆ ಇನ್ನೊಂದು ಕೋತಿ ಸಿಗುತ್ತೆ ಅವರಿಗೆ, ಇದನ್ನ ಮರೀತಾರೆ." ಕೋತಿ ಎಂದದ್ದು ತಮಗೇ ಕೇಳಿಸಿ, ನಾಲಿಗೆ ಕಚ್ಚಿಕೊಂಡು ತೆಗೆದರು. ಏನು ಬಂತು? ಅಷ್ಟು ಹೊತ್ತಿಗೆ ಅದು ಎಲ್ಲೆಲ್ಲಿಗೋ ಹೋಗಿತ್ತು. ಹಾಕಿದವರಿಗೆಲ್ಲ ಅವಳು ಬರೆದಳು: ದಯವಿಟ್ಟು ತೆಗೆಯಿರಿ, ಇವನು ನನ್ನ ತಮ್ಮ, ಅವತ್ತು ನಮ್ಮ ತಾಯಿಗೆ ಹುಷಾರಿರಲಿಲ್ಲ. ಬರೆದದ್ದನ್ನು ನಾಲ್ಕಾರು ಸಲ ಓದಿ, ಒರಟಾಯಿತೇನೋ ಎಂದು "ತೊಂದರೆಗೆ ಕ್ಷಮಿಸಿ" ಎಂದೂ ಸೇರಿಸಿದಳು. ಒಬ್ಬ ತೆಗೆದ. ಇನ್ನೊಬ್ಬ ಉತ್ತರವಾಗಿ ಅದೇ ಫೋಟೊ ಕಳಿಸಿದ. ಆ್ಯಪ್ ನಡೆಸುವ ಕಂಪನಿಗೆ ದೂರು ಕೊಟ್ಟರೆ ಯಂತ್ರ ಬರೆದಂಥ ಉತ್ತರ ಬಂತು: ಈ ಚಿತ್ರ ನಮ್ಮ ಯಾವ ನಿಯಮವನ್ನೂ ಮೀರಿಲ್ಲ.

ಪುಟ್ಟಿಯ ಸಡಗರ ಬಹಳ ದಿನ ಉಳಿಯಲಿಲ್ಲ. ಆಟದ ಬಯಲಿನಲ್ಲಿ ಓಡುವಾಗ ಮುಗ್ಗರಿಸಿ ಬಿದ್ದು, ಮೊಣಕಾಲಿನ ಚರ್ಮ ಕಿತ್ತುಬಂತು. ಅಕ್ಕ ಕರೆದೊಯ್ಯಲು ಹೋದಾಗ ಅವಳು ಆಫೀಸ್ ರೂಮಿನ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು. ಬ್ಯಾಂಡೇಜಿನ ಮೇಲೆ ರಕ್ತ ಮೂಡಿತ್ತು. ಮುಖದಲ್ಲಿ ಯಾವ ಭಾವವೂ ಇರಲಿಲ್ಲ.

"ತುಂಬಾ ಧೈರ್ಯದ ಹುಡುಗಿ. ಅಳಲೇ ಇಲ್ಲ," ಎಂದರು ಟೀಚರ್.

ಇಬ್ಬರೂ ಬೀದಿಯ ತಿರುವು ದಾಟಿದರು. ಆಮೇಲೆ ಪುಟ್ಟಿ ಹೇಳಿದಳು, "ಮೊದಲು ಅಳ್ತಿದ್ದೆ ನಾನು."

"ಮತ್ತೆ?"

"ಎಲ್ರೂ ಬಂದು ಸುತ್ತ ನಿಂತ್ಕೊಂಡ್ರು. ನೋಡ್ರೋ ನೋಡ್ರೋ, ಅದೇ ಮುಖ, ಅದೇ ಮುಖ ಅಂದ್ರು. ಪರವಾಗಿಲ್ಲ ಬಿಡಿ ಅಂತ ಹಾಡಿದ್ರು. ಟೀಚರೂ ಬಾಯಿ ಮುಚ್ಕೊಂಡ್ರು, ಹೀಗೆ." ಅವಳು ಅಂಗೈಯಿಂದ ತನ್ನ ಬಾಯಿ ಮುಚ್ಚಿ ತೋರಿಸಿದಳು. "ಅದಕ್ಕೇ ನಿಲ್ಲಿಸಿಬಿಟ್ಟೆ."

"ಈಗ ಅಳು ಪುಟ್ಟಿ, ಇಲ್ಲಿ ಯಾರೂ ಇಲ್ಲ."

ಪುಟ್ಟಿ ಹಿಂದೆ ಮುಂದೆ ನೋಡಿದಳು. ಎದುರಿನ ಅಂಗಡಿಯ ಬಾಗಿಲಲ್ಲಿ ಒಬ್ಬ ಫೋನು ಹಿಡಿದು ಕೂತಿದ್ದ. "ಬೇಡ," ಎಂದಳು. ಅಕ್ಕ ಅವಳನ್ನು ಎತ್ತಿಕೊಳ್ಳಲು ಬಗ್ಗಿದಳು. ಅವಳು ಕುಂಟುತ್ತ ಮುಂದೆ ನಡೆದಳು.

ಅದನ್ನು ತಮ್ಮನಿಗೆ ಹೇಳಬೇಕೋ ಬಿಡಬೇಕೋ ಎಂದು ಅಕ್ಕ ಒದ್ದಾಡಿ, ಕೊನೆಗೆ ಹೇಳಿದಳು. ಅವನು ಅಂಗಿಯ ಗುಂಡಿ ಬಿಚ್ಚುತ್ತಿದ್ದವನು ಹಾಗೇ ನಿಂತ.

ಭಾನುವಾರ ಬೆಳಿಗ್ಗೆ ಅಕ್ಕ ಹೋದಾಗ ಬಾಗಿಲು ತೆಗೆದವಳು ತಮ್ಮನ ಹೆಂಡತಿ. "ನೀವಾದ್ರೂ ಹೇಳಿ ಅಕ್ಕ. ನನ್ನ ಮಾತು ಕಿವಿಗೇ ಹಾಕ್ಕೊಳ್ತಿಲ್ಲ," ಎಂದು ಒಳಗೆ ಕೈ ತೋರಿಸಿದಳು.

ಬಚ್ಚಲುಮನೆಯ ಬಾಗಿಲ ಬಳಿ, ಸ್ಟೂಲಿನ ಮೇಲೆ ಪುಟ್ಟಿ ಕೂತಿದ್ದಳು. ಕೊರಳಿಗೆ ಹಳೆಯ ಬೆಡ್‌ಶೀಟು ಸುತ್ತಿತ್ತು. ಪಿಂಗಾಣಿ ಬಟ್ಟಲಿನಲ್ಲಿ ತಮ್ಮ ಕೂದಲಿಗೆ ಹಚ್ಚುವ ಕಪ್ಪು ಬಣ್ಣ ಕಲೆಸುತ್ತಿದ್ದ. ಕೈಗೆ ಲ್ಯಾಬಿನ ಗ್ಲೌಸು ಹಾಕಿದ್ದ.

"ಇಷ್ಟು ಚಿಕ್ಕ ಮಗೂಗೆ ಹಚ್ಚಬಹುದೇನೋ?" ಎಂದಳು ಅಕ್ಕ.

"ಮಕ್ಕಳಿಗೂ ಆಗೋದು ಕೇಳಿ ತಂದಿದೀನಿ. ಮೊನ್ನೆಯಿಂದ ನನ್ನ ಕೈಗೆ ಹಚ್ಚಿ ನೋಡಿದೀನಿ." ಅವನು ತೋಳು ಚಾಚಿದ. ಒಳಮೈಯಲ್ಲಿ ಹೆಬ್ಬೆರಳಗಲದ ಕಪ್ಪು ಗುರುತಿತ್ತು. "ಏನೂ ಆಗಿಲ್ಲ. ಟವೆಲ್ ಹಿಡ್ಕೋ ಅಕ್ಕ, ಕಣ್ಣಿಗೆ ಇಳಿದ್ರೆ ಒರೆಸು."

ಅವನ ಹಣೆಯ ಮೇಲಿನ ಬಿಳಿ ಜುಟ್ಟು ಮಾತ್ರ ಎಂದಿನ ಹಾಗೇ ಇತ್ತು. ಅಕ್ಕ ಟವೆಲ್ ತೆಗೆದುಕೊಂಡಳು.

ಮಗಳ ಬಿಳಿ ಕೂದಲನ್ನು ತಮ್ಮ ಬಾಚಣಿಗೆಯ ತುದಿಯಿಂದ ಬೇರೆ ಮಾಡಿ, ಬುಡದಿಂದ ಬ್ರಷ್ ಎಳೆದ.

"ತಣ್ಣಗಿದೆ," ಎಂದಳು ಪುಟ್ಟಿ. ಆಮೇಲೆ, "ಅಪ್ಪಾ, ಇದು ಕಪ್ಪಾದ್ಮೇಲೆ ಆ ಫೋಟೊ ನಂದಲ್ಲ ಅಂತ ಹೇಳ್ಬಹುದಾ?"

"ಹೇಳ್ಬಹುದು. ಅದು ನಿಂದಲ್ವೇ ಅಲ್ಲ."

"ಮತ್ತೆ ಯಾರ್ದು ಅಂತ ಕೇಳಿದ್ರೆ?"

ಬ್ರಷ್ ನಿಂತಿತು. ಅಕ್ಕ ಟವೆಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಬಾಗಿಲ ಹತ್ತಿರ ನಿಂತಿದ್ದ ತಮ್ಮನ ಹೆಂಡತಿ ಒಳಕ್ಕೆ ಹೋದಳು.

"ಯಾರೋ. ಗೊತ್ತಿಲ್ಲ ಅನ್ನು," ಎಂದ ತಮ್ಮ.

ಪುಟ್ಟಿ ಕಣ್ಣು ಬಿಗಿಯಾಗಿ ಮುಚ್ಚಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅಲುಗಾಡದೆ ಕೂತಳು. ಅವನು ಎಡಗೈಯಿಂದ ಅವಳ ಕಿವಿಯನ್ನು ಮೆತ್ತಗೆ ಮಡಿಸಿ ಹಿಡಿದು, ಮತ್ತೆ ಬ್ರಷ್ ಅದ್ದಿದ.