ಮುಚ್ಚಳ ಹಾಕುವ ಮುನ್ನ

“ಸರಿ, ನಿಮ್ಮ ತಾಯಿ ತೀರಿಕೊಂಡರು. ಅವರೇನು ಇನ್ನೊಂದು ಸಲ ಸಾಯೋದಿಲ್ಲವಲ್ಲ?”

ಎದುರು ಪಕ್ಷದ ವಕೀಲ ಕೇಳಿದ್ದಕ್ಕೆ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಗಾಲಿಕುರ್ಚಿ ಸಾಕ್ಷಿಕಟ್ಟೆಯೊಳಗೆ ಹಿಡಿಸುವುದಿಲ್ಲವೆಂದು ಅವಳನ್ನು ಕಟ್ಟೆಯ ಪಕ್ಕಕ್ಕೆ, ಕಸದ ಬುಟ್ಟಿಗೆ ತಾಗುವಂತೆ ನಿಲ್ಲಿಸಿದ್ದರು.

“ಇಲ್ಲ,” ಅಂದಳು.

“ಅಂದಮೇಲೆ ಆ ಅಂತಿಮ ದರ್ಶನದ ಹಾಲ್‌ಗೆ ನೀವು ಮತ್ತೆ ಹೋಗೋ ಪ್ರಸಂಗವೇ ಇಲ್ಲ. ಅಥವಾ ನಿಮ್ಮ ಮನೇಲಿ ಇನ್ನೂ ಯಾರಾದರೂ ಇದಾರಾ... ಹೇಗೆ ಹೇಳಲಿ... ಸಾಯೋದಕ್ಕೆ?”

ಅವಳಿಗೆ ಇದ್ದವನು ಒಬ್ಬ ಅಣ್ಣ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಟವೆಲನ್ನು ಬಾಯಿಗೊತ್ತಿಕೊಂಡು ಕೆಮ್ಮು ನುಂಗುತ್ತಿದ್ದ. ಮೂವತ್ತು ವರ್ಷ ಊರವರ ಗೋಡೆಗೆಲ್ಲ ಬಣ್ಣ ಬಳಿದ ಶ್ವಾಸಕೋಶ ಅದು. ಈಗ ಅದರೊಳಗೇ ಗಾರೆ ಕಟ್ಟಿದೆಯೆಂದು ಡಾಕ್ಟರು ಹೇಳಿದ್ದರು. ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿದ್ದಳು, ನಿಜ. ಆದರೆ ಬದುಕಿರುವ ಅಣ್ಣನನ್ನು ತೋರಿಸಿ ‘ಅವನೇ’ ಅನ್ನುವುದು ಹೇಗೆ?

ನ್ಯಾಯಾಧೀಶರು ಕನ್ನಡಕ ತೆಗೆದರು. “ನಿಮಗಾದದ್ದು ಅನ್ಯಾಯವೇ ಅಮ್ಮ. ಆದರೆ ಕಟ್ಟಡ ಬದಲಾಯಿಸಿ ಅಂತ ನಾನು ಅವರಿಗೆ ಹೇಳಬೇಕಾದರೆ, ಆ ಹಾಲ್‌ನ ಮೆಟ್ಟಿಲು ಮುಂದೆಯೂ ನಿಮ್ಮ ಗಾಲಿಕುರ್ಚಿಗೇ ಅಡ್ಡ ಬರುತ್ತೆ ಅಂತ ತೋರಿಸಬೇಕು. ಊರಿನ ಪರವಾಗಿ ಜಗಳ ತರೋ ಹಕ್ಕು ಕಾನೂನು ನಿಮಗೆ ಕೊಟ್ಟಿಲ್ಲ. ಉತ್ತರ ಹೇಳಿ.”

ಅವಳು ಗೋಡೆಯ ಗಡಿಯಾರ ನೋಡಿದಳು.

“ನಾನಿದೀನಿ ಸ್ವಾಮಿ,” ಅಂತ ಹಿಂದಿನಿಂದ ದನಿ ಬಂತು. “ಸಾಯೋದಕ್ಕೆ ನಾನಿದೀನಿ.”

ಈ ಸಲ ಯಾರೂ ನಗಲಿಲ್ಲ. ಅಣ್ಣ ಬೆಂಚು ಹಿಡಿದುಕೊಂಡು ಎದ್ದು ನಿಂತಿದ್ದ. ನ್ಯಾಯಾಧೀಶರು ಗದರಿದರು, ಇವಳ ಪರ ವಕೀಲೆ ಥಟ್ಟನೆದ್ದು ಇವರನ್ನೂ ಸಾಕ್ಷಿಯಾಗಿ ಕೇಳಬೇಕೆಂದು ಬೇಡಿಕೊಂಡಳು, ಎದುರು ವಕೀಲ ಕೂಗಾಡಿದ. ಕೊನೆಗೆ ಅಣ್ಣ ಕಟ್ಟೆ ಹತ್ತಿದ. ಎರಡೇ ಮೆಟ್ಟಿಲಿಗೆ ಅವನ ಉಸಿರು ಹರಿದ ಚೀಲದಂತಾಯಿತು.

“ಅದೇ ಹಾಲ್‌ಗೇ ಯಾಕ್ರೀ ಹೋಗ್ತೀರಿ?” ಎದುರು ವಕೀಲ ಕೇಳಿದ. “ಊರಲ್ಲಿ ಬೇರೆ ಇಲ್ವಾ?”

“ಅಮ್ಮನ್ನ ಮಣ್ಣು ಮಾಡಿರೋದು ಆ ಹಾಲ್ ಹಿಂದಿನ ಜಾಗದಲ್ಲಿ. ಪಕ್ಕದ ಜಾಗ ನಂದು, ಅಮ್ಮನೇ ಹಿಡಿದಿಟ್ಟಿದ್ದು. ಆ ಜಾಗಕ್ಕೆ ಹೋಗೋರನ್ನ ಆ ಹಾಲ್‌ನಲ್ಲೇ ಮಲಗಿಸಬೇಕು ಅನ್ನೋದು ಅವರದೇ ನಿಯಮ ಸ್ವಾಮಿ. ಸತ್ತಮೇಲೆ ನಾನು ಮನೆ ಬದಲಾಯಿಸೋಕಾಗುತ್ತಾ?”

“ತಾಯಿಯ ದರ್ಶನದ ದಿನ ನಿಮ್ಮ ತಂಗಿ ಮೆಟ್ಟಿಲ ಕೆಳಗೇ ಉಳಿದದ್ದು ಯಾರ ಮಾತಿನಿಂದ?”

ಅಣ್ಣ ಟವೆಲನ್ನು ಮಡಿಸಿದ, ಬಿಡಿಸಿದ.

“ನನ್ನ ಮಾತಿನಿಂದ.”

ಆ ದಿನ ಹಾಲ್‌ನ ಮುಂದೆ, ನುಣ್ಣಗೆ ಹೊಳೆಯುವ ಕಲ್ಲಿನ ಮೆಟ್ಟಿಲ ಬುಡದಲ್ಲಿ, ಕೋಟು ತೊಟ್ಟ ಮ್ಯಾನೇಜರು ಅವಳ ಮೇಲೆ ಬಾಗಿ, “ಕೆಳಗೆ ತರ್ತಾರಮ್ಮ, ಆಗ ನೋಡೋರಂತೆ,” ಅಂದಿದ್ದ. ಸಮಾಧಾನ ಹೇಳಿ ಸಾಗಹಾಕುವ ಆ ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಲಿಫ್ಟ್ ಕಂಪನಿಯ ಫೋನು ಕೋಣೆಯಲ್ಲಿ ಕೂತು, ಲಿಫ್ಟಿನೊಳಗೆ ಸಿಕ್ಕಿಬಿದ್ದವರಿಗೆ ‘ಗಾಬರಿ ಬೇಡಿ, ಜನ ಹೊರಟಿದಾರೆ’ ಅನ್ನುವುದೇ ಅವಳ ಕೆಲಸ. ಒಂದೇ ಮಾತು ದಿನವಿಡೀ ಹೇಳುತ್ತಾಳೆಂದು ಅಣ್ಣ ಅವಳನ್ನು ಗಿಣಿ ಅಂತಲೇ ಕರೆಯುವುದು. ಎಷ್ಟೋ ಸಲ ಯಾರೂ ಹೊರಟಿರುತ್ತಿರಲಿಲ್ಲ. ಆದರೂ ಆವತ್ತು ಅಣ್ಣ, “ಬರುವಾಗ ನೋಡ್ತಾಳೆ ಬಿಡಿ,” ಅಂದಿದ್ದರಿಂದ ಅವಳು ನಂಬಿದಳು. ಮೇಲಿಂದ ಇಳಿದು ಬಂದದ್ದು ತಿರುಪು ಬಿಗಿದ ಪೆಟ್ಟಿಗೆ. ಮುಚ್ಚಳವನ್ನು ಒಳಗೇ ಹಾಕಿಬಿಡುವುದು ಅಲ್ಲಿಯ ಪದ್ಧತಿ. ಹೊರಗೆ ಬೀದಿಯಲ್ಲಿ ತೆರೆಯುವಂತಿಲ್ಲ.

“ಚಿಕ್ಕಂದಿನಿಂದ ಎಲ್ಲಿಗೆ ಹೋದರೂ ಇವಳನ್ನ ನಾನೇ ಉಪ್ಪುಮೂಟೆ ಹೊತ್ತವನು,” ಅಣ್ಣ ನ್ಯಾಯಾಧೀಶರಿಗಲ್ಲ, ಕಟ್ಟೆಯ ಮರಕ್ಕೆ ಹೇಳುತ್ತಿದ್ದ. “ಸಿನಿಮಾಕ್ಕೆ, ಶಾಲೆಗೆ, ಹಲ್ಲಿನ ಡಾಕ್ಟರ ಹತ್ತಿರ. ಆವತ್ತು ಬೆನ್ನು ಕೊಡೋಕೆ ಬಗ್ಗಿದೆ. ಉಸಿರು ಏಳಲಿಲ್ಲ. ಕಾಯಿಲೆ ಇನ್ನೂ ಯಾರಿಗೂ ಹೇಳಿರಲಿಲ್ಲ ನಾನು. ಶೂ ದಾರ ಕಟ್ಟೋನ ಹಾಗೆ ನಟಿಸಿ ಎದ್ದುಬಿಟ್ಟೆ.”

ಅವಳಿಗೆ ಆ ದಾರ ನೆನಪಿತ್ತು. ಇಂಥ ಹೊತ್ತಲ್ಲೂ ಇವನಿಗೆ ಶೂ ಚಿಂತೆ ಎಂದು ಸಿಟ್ಟಾಗಿದ್ದಳು. ಆ ಸಿಟ್ಟು ಇಷ್ಟು ದಿನ ಹೊಟ್ಟೆಯೊಳಗೆ ಬೆಚ್ಚಗೆ ಕೂತಿತ್ತು. ಈಗ ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಮುಂದಿನ ವಿಚಾರಣೆ ಬೇಸಿಗೆ ರಜೆ ಕಳೆದ ಮೇಲೆ ಎಂದು ನ್ಯಾಯಾಧೀಶರು ಎದ್ದರು.

ಪಡಸಾಲೆಯಲ್ಲಿ ವಕೀಲೆ ಗೆಲುವಾಗಿದ್ದಳು. “ಕೇಸು ಉಳೀತು. ಮತ್ತೆ ಆ ಮೆಟ್ಟಿಲಿಗೆ ಹೋಗೋ ಕಾರಣ ಸಿಕ್ತು ನಮಗೆ.” ಆಮೇಲೆ ದನಿ ಇಳಿಸಿದಳು. “ಒಂದೇ ಮಾತು. ತೀರ್ಪು ಬರೋವರೆಗೆ ಅಣ್ಣಾವರು... ಇರಬೇಕು. ಅದಕ್ಕೂ ಮೊದಲೇ ಏನಾದರೂ ಆದರೆ ಆ ಕಾರಣವೂ ಅವರ ಜೊತೆಗೇ ಹೋಗುತ್ತೆ.”

“ಅಂದ್ರೆ ಸಾಯೋಕೆ ತಯಾರಾಗಿರಬೇಕು, ಆದರೆ ಸಾಯಬಾರದು,” ಅಣ್ಣ ಬೆಂಚಿನ ಮೇಲೆ ಕುಸಿದ. “ಒಳ್ಳೇ ನೌಕರಿ ಕೊಡಿಸಿದ್ರಿ ವಕೀಲಮ್ಮ.”

ನಗುವೆಂದು ಶುರುವಾದದ್ದು ಕೆಮ್ಮಾಗಿ ಮುಗಿಯಿತು. ಟವೆಲಿನ ಮೇಲೆ ಕಂಡ ಕೆಂಪನ್ನು ಅವನು ಬೇಗ ಮಡಿಸಿಕೊಂಡ. ರಜೆ ಮುಗಿಯುವವರೆಗೆ ಇವನು ಉಳಿಯನೆಂಬುದು ಅಲ್ಲಿದ್ದ ಮೂವರಿಗೂ ಗೊತ್ತಾಯಿತು.

ಕೋರ್ಟಿನೊಳಗಿಂದ ಆಗಷ್ಟೇ ಬಂದ, ಆ ಹಾಲ್‌ನ ಯಜಮಾನನೂ ಅದನ್ನು ಕಂಡಿರಬೇಕು. ಸಾವೇ ಅವನ ವ್ಯಾಪಾರ. ತನ್ನ ವಕೀಲನನ್ನು ದೂರ ನಿಲ್ಲಿಸಿ, ಮೆಲ್ಲಗೆ ಬಂದು ಅವಳ ಎದುರು ಕುಕ್ಕರುಗಾಲಲ್ಲಿ ಕುಳಿತ. ಅವಳ ಕಣ್ಣಿನ ಮಟ್ಟಕ್ಕೆ ಇಳಿದ ಮೊದಲ ಮನುಷ್ಯ.

“ನೋಡಮ್ಮ, ನಾನೂ ತಾಯಿ ಹೊಟ್ಟೇಲಿ ಹುಟ್ಟಿದವನೇ. ನಿಮ್ಮಣ್ಣನ ದಿನ, ದೇವರು ಅದನ್ನ ದೂರ ಇಡಲಿ, ಆ ದಿನ ಮೆಟ್ಟಿಲ ಮೇಲೆ ಹಲಗೆ ಹಾಕಿಸ್ತೀನಿ. ಗಟ್ಟಿ ಮರದ್ದು. ನೀವು ಸೀದಾ ಪೆಟ್ಟಿಗೆ ಹತ್ತಿರ ಹೋಗಬಹುದು. ನೀವು ಹಾಕಿ ಅನ್ನೋ ತನಕ ಮುಚ್ಚಳ ಹಾಕಿಸಲ್ಲ. ಎಷ್ಟು ಹೊತ್ತಾದರೂ ಸರಿ. ಕೇಸೊಂದು ವಾಪಸ್ ತಗೊಳ್ಳಿ.”

“ಹಲಗೆ, ಆಮೇಲೆ?”

“ತೆಗೆಸ್ತೀವಿ. ಮುಂಬಾಗಿಲಿನ ಅಂದ ಕೆಡುತ್ತೆ ನೋಡಿ.”

ಕೇಸು ಹಾಕುವ ಮೊದಲು ಅವಳು ಆ ಮೆಟ್ಟಿಲಿನ ಫೋಟೋ ತೆಗೆಯಲು ಹೋದಾಗ, ಹೂಕುಂಡದ ಅಂಚಿನ ಮೇಲೆ ಒಬ್ಬ ಮುದುಕ ಕುಳಿತಿದ್ದ. ಎದುರಿಗೆ ಅವನು ಹಿಡಿದು ನಡೆಯುವ ನಾಲ್ಕು ಕಾಲಿನ ವಾಕರ್. ‘ನನ್ನಾಕೆ ಮೇಲಿದಾಳೆ,’ ಅಂದಿದ್ದ, ಅಂಗಡಿಗೆ ಹೋದವಳ ಬಗ್ಗೆ ಹೇಳುವ ಹಾಗೆ. ‘ಈಗ ಕೆಳಗೆ ತರ್ತಾರಂತೆ.’ ನೋಡೋಕಾಗಲ್ಲ ತಾತ ಅನ್ನಲು ಅವಳಿಗೆ ಬಾಯಿ ಬಂದಿರಲಿಲ್ಲ. ‘ಬರ್ತಾರೆ’ ಎಂದು ಗಿಣಿಯ ಹಾಗೆ ಒಪ್ಪಿಸಿ ಬಂದಿದ್ದಳು.

“ಒಪ್ಪಿಕೋ ಗಿಣಿ,” ಅಣ್ಣ ಅವಳ ಕುರ್ಚಿಯ ಕೈಯನ್ನು ಹಿಡಿದುಕೊಂಡ. “ಊರ ಉಸಾಬರಿ ನಮಗ್ಯಾಕೆ? ಅಮ್ಮನ ಮುಖ ನಾನು ತಪ್ಪಿಸಿದೆ. ನನ್ನದಾದರೂ ನೋಡು. ಅಷ್ಟಾದರೆ ನಾನು ನೆಮ್ಮದಿಯಾಗಿ ಹೋಗ್ತೀನಿ.”

ವಕೀಲೆ ಕಿಟಕಿಯ ಕಡೆ ತಿರುಗಿಕೊಂಡಳು. ಯಜಮಾನ ಕುಕ್ಕರುಗಾಲಲ್ಲೇ ಕಾಯುತ್ತಿದ್ದ.

ಅವಳು ಅಣ್ಣನ ಕಡೆ ಕುರ್ಚಿ ಹೊರಳಿಸಿದಳು. ಹುಬ್ಬಿನೊಳಗೆ ಎಂದೋ ಸಿಕ್ಕಿಕೊಂಡು ಇನ್ನೂ ಹೋಗದ ಬಿಳಿ ಬಣ್ಣದ ಚುಕ್ಕೆ, ಕೆನ್ನೆಯ ಗುಳಿ, ಏಣಿಯಿಂದ ಬಿದ್ದಾಗ ಮುರಿದ ಮುಂದಿನ ಹಲ್ಲು, ಕೆಮ್ಮಿ ಕೆಮ್ಮಿ ಒದ್ದೆಯಾದ ಕಣ್ಣು. ಎಲ್ಲವನ್ನೂ ಒಂದೊಂದಾಗಿ, ಯಾರೋ ಮುಚ್ಚಳ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಾರೆ ಅನ್ನುವ ಹಾಗೆ, ನೋಡಿದಳು. ಅವನು ಬೇಡುವ ಮುಖ ಮಾಡಿಕೊಂಡು ನೋಡಿಸಿಕೊಂಡ.

ಆಮೇಲೆ ಯಜಮಾನನ ಕಡೆಗೆ ತಿರುಗಿದಳು.

“ಬೇಡ,” ಅಂದಳು.